ಮಂಗಳವಾರದ ಬಣ್ಣ

ಕಳೆದ ತಿಂಗಳು ಹಲ್ಲಿನ ವೈದ್ಯರಲ್ಲಿಗೆ ಎರಡು ದಿನ ಮುಂಚೆಯೇ ಹೋಗಿ ಕುಳಿತಿದ್ದೆ. ಹೆಸರು ಬರೆದುಕೊಳ್ಳುವ ಹುಡುಗಿ ಪುಸ್ತಕದ ಪುಟಗಳನ್ನು ಹಿಂದೆ ಮುಂದೆ ತಿರುವಿ, "ನಿಮ್ಮದು ಗುರುವಾರ ಇದೆಯಲ್ಲ" ಎಂದಳು. ಅಂದು ಮಂಗಳವಾರ. ಗಂಟೆ ಸರಿಯಾಗಿತ್ತು, ತಂದಿದ್ದ ಕಾಗದಪತ್ರ ಸರಿಯಾಗಿತ್ತು, ದಿನವೊಂದೇ ತಪ್ಪು. "ಮರೆತುಬಿಟ್ಟೆ" ಎಂದು ಹೇಳಿ ಎದ್ದು ಬಂದೆ. ಅದು ಸುಳ್ಳು. ನಾನು ಮರೆತಿರಲಿಲ್ಲ. ಫೋನಿನಲ್ಲಿ ಅವಳು ದಿನ ಹೇಳಿದಾಗ ಹಸಿರು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದೆ, ಆ ಹಸಿರು ಕೊನೆಯವರೆಗೂ ಚೆನ್ನಾಗಿಯೇ ನೆನಪಿತ್ತು. ತೊಂದರೆಯೆಂದರೆ ನನ್ನ ವಾರದಲ್ಲಿ ಹಸಿರು ಎರಡಿವೆ. ಮಂಗಳವಾರ ಪಾಚಿ ಕಟ್ಟಿದ ಕಲ್ಲಿನ ಹಸಿರು. ಗುರುವಾರವೂ ಅದೇ ಕಲ್ಲು, ಅದರ ಮೇಲೆ ಸ್ವಲ್ಪ ಬಿಸಿಲು ಬಿದ್ದಂತೆ. ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಒಂದನ್ನೇ ನೆನಪಿನಿಂದ ಎತ್ತಿಕೊಂಡಾಗ ಅದು ಯಾವ ಹಸಿರೆಂದು ಹೇಳುವುದು ಕಷ್ಟ.

ಇಂಥ ಎಡವಟ್ಟು ನನಗೆ ಹೊಸದಲ್ಲ. ವಿಮಲಾ ಎಂಬುವವರನ್ನು ಯಶೋದಾ ಎಂದು ಕರೆದು ಬೈಸಿಕೊಂಡಿದ್ದೇನೆ. ರಮೇಶನನ್ನು ರಾಜೇಶ ಎಂದರೆ ಜನ ನಕ್ಕು ಬಿಟ್ಟುಬಿಡುತ್ತಾರೆ, ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ವಿಮಲಾ ಮತ್ತು ಯಶೋದಾ ನಡುವೆ ಕಿವಿಗೆ ಏನು ಹೋಲಿಕೆ? ಏನೂ ಇಲ್ಲ. ನನಗೆ ಮಾತ್ರ ವ ಮತ್ತು ಯ ಎರಡೂ ತೆಳು ನೀಲಿ, ಒಗೆದೊಗೆದು ಬಿಳಚಿಕೊಂಡ ಬಟ್ಟೆಯ ನೀಲಿ. ಆ ಹೆಂಗಸಿಗೆ ಇದನ್ನು ವಿವರಿಸಿದ್ದರೆ ಬೈಗುಳ ಇನ್ನೂ ಹೆಚ್ಚುತ್ತಿತ್ತು.

"ಬಣ್ಣ ಕಾಣುತ್ತದೆ" ಎಂದ ಕೂಡಲೇ ಕೇಳುವವರು ನನ್ನ ಕಣ್ಣನ್ನೇ ದಿಟ್ಟಿಸುತ್ತಾರೆ. ಕಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಪುಟದ ಮೇಲೆ ಕಪ್ಪು ಶಾಯಿಯಲ್ಲಿ ಅಚ್ಚಾದದ್ದು ನನಗೂ ಕಪ್ಪಾಗಿಯೇ ಕಾಣುತ್ತದೆ. ಆದರೆ ಅಕ್ಷರವನ್ನು ಗುರುತಿಸುವ ಹೊತ್ತಿಗೆ ಅದರ ಬಣ್ಣವೂ ಗೊತ್ತಾಗಿಬಿಟ್ಟಿರುತ್ತದೆ. ಆನೆ ಎಂದ ಮಾತ್ರಕ್ಕೆ ನಿಮಗೆ ಅದರ ಗಾತ್ರ ಹೇಗೆ ತಾನಾಗಿ ಹೊಳೆಯುತ್ತದೋ ಹಾಗೆ. ಬೇಡವೆಂದರೂ ನಿಲ್ಲಿಸಲಾಗುವುದಿಲ್ಲ, ಬೇಕೆಂದು ಬದಲಿಸಲೂ ಆಗುವುದಿಲ್ಲ. ಬಣ್ಣ ನಿಜವಾಗಿಯೂ ಕಾಗದದ ಮೇಲೆಯೇ ಹರಡಿಕೊಂಡಂತೆ ಕಾಣುವವರೂ ಇದ್ದಾರೆ, ಸಂಶೋಧಕರು ಅವರನ್ನು ಬೇರೆಯೇ ಗುಂಪಿಗೆ ಸೇರಿಸುತ್ತಾರೆ. ಅಂಥವರು ಕಡಿಮೆ. ಹೆಚ್ಚಿನವರು ನನ್ನಂತೆ, ಮನಸ್ಸಿನ ಒಳಗೋಡೆಯ ಮೇಲೆ ಕಾಣುವವರು.

ಇನ್ನೊಂದು ವಿಚಿತ್ರವೆಂದರೆ ಇಂಗ್ಲಿಷಿನ ಟ್ಯೂಸ್‌ಡೇ ನನಗೆ ಹಸಿರಲ್ಲ, ಮಬ್ಬು ನೀಲಿ. ಥರ್ಸ್‌ಡೇ ತುಕ್ಕಿನ ಬಣ್ಣ. ಎರಡನ್ನೂ ಅದಲುಬದಲು ಮಾಡುವ ಪ್ರಶ್ನೆಯೇ ಇಲ್ಲ. ಹಾಗಾಗಿ ಹಲ್ಲಿನ ಪ್ರಕರಣದ ನಂತರ ಮುಖ್ಯವಾದ ದಿನಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದಿಡುತ್ತಿದ್ದೇನೆ. ನನ್ನ ಭಾಷಾಭಿಮಾನಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನೆನಪಿಲ್ಲ.

ಗೋಡೆಯ ಮೇಲಿನ ವಾರ

ನನಗೆ ಆಗ ಏಳು ವರ್ಷವಿರಬೇಕು, ಅಕ್ಕನಿಗೆ ಹತ್ತು. ಶಾಲೆ ಶುರುವಾದ ವಾರ, ವೇಳಾಪಟ್ಟಿಯನ್ನು ದೊಡ್ಡ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸುವ ಕೆಲಸ ಅವಳದು. ಅಡ್ಡಗೆರೆ, ಉದ್ದಗೆರೆ ಎಲ್ಲ ಎಳೆದಾಯಿತು. ಹನ್ನೆರಡು ಬಣ್ಣದ ಪೆನ್ಸಿಲ್ಲುಗಳ ಹೊಸ ಡಬ್ಬಿ ಇತ್ತು, ಪ್ರತಿ ದಿನದ ಸಾಲಿಗೂ ಒಂದೊಂದು ಬಣ್ಣ ತುಂಬುವುದೆಂದು ಅವಳೇ ತೀರ್ಮಾನಿಸಿದಳು. ನಾನು ನೆಲದ ಮೇಲೆ ಬೋರಲು ಮಲಗಿ ನೋಡುತ್ತಿದ್ದೆ. ಸೋಮವಾರಕ್ಕೆ ನೀಲಿ ಬಳಿದಳು. ನನ್ನ ಸೋಮವಾರ ಸುಣ್ಣದ ಬಿಳುಪು. ಆದರೂ ಬಿಳಿ ಹಾಳೆಯ ಮೇಲೆ ಬಿಳಿ ಬಳಿಯಲು ಬರುವುದಿಲ್ಲವಾದ್ದರಿಂದ ಹೀಗೆ ಮಾಡಿರಬೇಕು ಎಂದುಕೊಂಡು ಸುಮ್ಮನಿದ್ದೆ. ಮಂಗಳವಾರಕ್ಕೆ ಅವಳ ಕೈ ಕೆಂಪು ಪೆನ್ಸಿಲ್ಲಿಗೆ ಹೋದದ್ದೇ ತಡ, ನಾನು ಎದ್ದು ಅದನ್ನು ಕಿತ್ತುಕೊಂಡೆ.

"ಮಂಗಳವಾರ ಹಸಿರು ಅಕ್ಕ!"

"ಯಾರು ಹೇಳಿದರು? ಕೆಂಪು."

"ಹಸಿರು!"

ಆಮೇಲೆ ನಡೆದದ್ದು ಬಣ್ಣದ ಚರ್ಚೆಯಲ್ಲ, ಜಡೆ ಜಗ್ಗಾಟ. ಗಲಾಟೆ ಕೇಳಿ ಅಪ್ಪ ಬಂದರು. ಯಾವುದಕ್ಕೂ ಕಾರಣ ಕೇಳುವ ಮನುಷ್ಯ ಅವರು. ಇಬ್ಬರನ್ನೂ ಎದುರೆದುರು ನಿಲ್ಲಿಸಿ, ಮೊದಲು ನನ್ನನ್ನು ಕೇಳಿದರು: "ಮಂಗಳವಾರ ಹಸಿರು ಎಂದು ಯಾಕೆ ಹೇಳುತ್ತೀಯ?" ನನ್ನ ಬಾಯಿ ಕಟ್ಟಿಹೋಯಿತು. ಅಕ್ಕ ಮಾತ್ರ ಒಂದು ಗಳಿಗೆ ಯೋಚಿಸಿ, "ಮಂಗಳ ಗ್ರಹ ಕೆಂಪಗಿದೆ ಎಂದು ಪುಸ್ತಕದಲ್ಲಿದೆ, ಅದಕ್ಕೆ" ಎಂದಳು. ಅಪ್ಪನ ಮುಖ ಅರಳಿತು. ತೀರ್ಪು ಅಲ್ಲಿಗೇ ಮುಗಿಯಿತು.

ನಾನು ಅತ್ತೆ. ಸೋತದ್ದಕ್ಕೆ ಅತ್ತೆನೆಂದು ಮನೆಯವರು ಇವತ್ತಿಗೂ ಹೇಳುತ್ತಾರೆ. ನನಗೆ ತಾಳಲಾಗದೇ ಹೋದದ್ದು ಆ "ಯಾಕೆ". ಆಕಾಶ ನೀಲಿ ಎಂದವರನ್ನು ಯಾರೂ ಯಾಕೆ ಎಂದು ನಿಲ್ಲಿಸಿ ಕೇಳುವುದಿಲ್ಲ, ಎದುರಿಗೇ ಇದೆಯಲ್ಲ. ನನ್ನ ಹಸಿರೂ ನನ್ನೆದುರಿಗೆ ಅಷ್ಟೇ ನಿಚ್ಚಳವಾಗಿತ್ತು. ಕೊನೆಗೆ ಅಮ್ಮ ಬಂದು ರಾಜಿ ಮಾಡಿಸಿದರು: ಅವಳು ಕೆಂಪು ಬಳಿಯಲಿ, ಅದರ ಮೇಲೆ ನಾನು ಹಸಿರು ಬಳಿಯುವುದು. ಕೆಂಪಿನ ಮೇಲೆ ಹಸಿರು ತಿಕ್ಕಿದರೆ ಏನಾಗುತ್ತದೆಂದು ಅಮ್ಮನಿಗೆ ಹೊಳೆದಿರಲಿಲ್ಲ. ಆ ವರ್ಷವಿಡೀ ಮಂಗಳವಾರ ಕೆಸರಿನ ಬಣ್ಣದಲ್ಲಿ ಗೋಡೆಯ ಮೇಲೆ ಕುಳಿತಿತ್ತು. ಪೆನ್ಸಿಲ್ಲಿನ ಡಬ್ಬಿ ಅಟ್ಟಕ್ಕೆ ಹೋಯಿತು, ಬುಧವಾರದಿಂದ ಮುಂದಕ್ಕೆ ಎಲ್ಲ ದಿನಗಳೂ ಖಾಲಿ ಉಳಿದವು.

ಆ ಜಗಳದಿಂದ ಒಂದು ಲಾಭವೂ ಆಯಿತು. ಅಕ್ಕನಿಗೂ ದಿನಗಳಿಗೆ ಬಣ್ಣವಿದೆ ಎಂದು ನನಗೆ ಖಾತ್ರಿಯಾಯಿತು. ಅವಳ ಬಣ್ಣ ತಪ್ಪು, ಅದು ಬೇರೆ ಮಾತು. ಬಣ್ಣವೇ ಇಲ್ಲದ ವಾರವೊಂದನ್ನು ಹೊತ್ತುಕೊಂಡು ಜನ ಬದುಕುತ್ತಿರಬಹುದೆಂಬ ಕಲ್ಪನೆ ಮುಂದಿನ ಹದಿನೈದು ವರ್ಷ ನನಗೆ ಬರಲೇ ಇಲ್ಲ.

ಲೇಖಕ ವ್ಲಾದಿಮಿರ್ ನಬೊಕೊವ್ ಸಹ ಇದೇ ವಯಸ್ಸಿನಲ್ಲಿ ಅಕ್ಷರದ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಾ, ಇವುಗಳ ಬಣ್ಣವೆಲ್ಲ ತಪ್ಪಾಗಿದೆ ಎಂದು ತಾಯಿಗೆ ದೂರು ಹೇಳಿದ್ದನಂತೆ. ಆ ತಾಯಿ ಯಾಕೆ ಎಂದು ಕೇಳಲಿಲ್ಲ. ಆಕೆಗೂ ಅಕ್ಷರಗಳಿಗೆ ಬಣ್ಣವಿತ್ತು. ಇಬ್ಬರೂ ಕೂತು ಹೋಲಿಸಿ ನೋಡಿದಾಗ ಕೆಲವು ಅಕ್ಷರಗಳ ಬಣ್ಣ ಹೊಂದಿಕೊಂಡವು ಕೂಡ. ಇದನ್ನು ಓದಿದ ದಿನ ನನಗೆ ಆ ಹುಡುಗನ ಮೇಲೆ ಶುದ್ಧ ಹೊಟ್ಟೆಕಿಚ್ಚಾಯಿತು.

ಹೆಸರು ಸಿಕ್ಕಿದ ಮೇಲೆ

ಸಿನೆಸ್ತೇಶಿಯಾ ಎಂಬ ಪದ ನನಗೆ ಸಿಕ್ಕಿದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಯಾವುದೋ ಹಳೆಯ ಪತ್ರಿಕೆಯಲ್ಲಿ. ಒಂದು ಇಂದ್ರಿಯವನ್ನು ತಟ್ಟಿದರೆ ಇನ್ನೊಂದೂ ಮಿಡಿಯುವುದು. ಶಬ್ದ ಕೇಳಿದರೆ ಬಣ್ಣ, ಪದ ಕೇಳಿದರೆ ನಾಲಿಗೆಯ ಮೇಲೆ ರುಚಿ, ಬೇರೆಯವರ ಕೆನ್ನೆಯನ್ನು ಯಾರಾದರೂ ಮುಟ್ಟುವುದನ್ನು ನೋಡಿದರೆ ತನ್ನ ಕೆನ್ನೆಯ ಮೇಲೆ ಸ್ಪರ್ಶ. ಓದಿ ಒಂದು ಕಡೆ ನೆಮ್ಮದಿ, ಇನ್ನೊಂದು ಕಡೆ ನಿರಾಸೆ. ನೆಮ್ಮದಿ ಯಾಕೆಂದು ಹೇಳಬೇಕಾಗಿಲ್ಲ. ನಿರಾಸೆ ಯಾಕೆಂದರೆ, ಅದುವರೆಗೆ ಲೋಕದ ಬಣ್ಣ ಎಂದುಕೊಂಡಿದ್ದದ್ದು ನನ್ನ ತಲೆಯ ಬಣ್ಣ ಎಂದು ಆ ದಿನ ಗೊತ್ತಾಯಿತು.

ಇದರ ಬಗ್ಗೆ ಸಿಗುವ ಮೊದಲ ವೈದ್ಯಕೀಯ ದಾಖಲೆ 1812ರದ್ದು. ಜರ್ಮನಿಯ ಗಿಯೋರ್ಗ್ ಸಾಕ್ಸ್ ಎಂಬ ತರುಣ ವೈದ್ಯ ತನ್ನ ಮತ್ತು ತನ್ನ ಸಹೋದರಿಯ ಆಲ್ಬಿನಿಸಂ ಬಗ್ಗೆ, ಎಂದರೆ ಚರ್ಮ, ಕೂದಲುಗಳಿಗೆ ಬಣ್ಣವೇ ಇಲ್ಲದಿರುವ ಸ್ಥಿತಿಯ ಬಗ್ಗೆ, ಲ್ಯಾಟಿನ್ನಿನಲ್ಲಿ ಬರೆದ ಪ್ರಬಂಧ ಅದು. ಅದರ ನಡುವೆ ಅಕ್ಷರ, ಅಂಕಿ, ಸ್ವರ, ವಾರದ ದಿನಗಳಿಗೆ ಇರುವ ಬಣ್ಣಗಳ ಮಾತು ಬರುತ್ತದೆ. ಮೈಗೆ ಬಣ್ಣ ಇಲ್ಲದವನು ವಾರಕ್ಕೆ ಬಣ್ಣವಿದೆ ಎಂದು ಬರೆದದ್ದನ್ನು ಯಾವ ಕಥೆಗಾರನಾದರೂ ಹೆಣೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆ. 1880ರ ದಶಕದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಇಂಥವರ ವಿವರಗಳನ್ನು ಕಲೆಹಾಕಿ, ಇದು ಒಂದೇ ಮನೆತನದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ ಎಂದು ಗಮನಿಸಿದ. ಅಕ್ಕ ನೆನಪಾದಳು. ಅವನದೇ ಇನ್ನೊಂದು ಮಾತು ಇನ್ನೂ ಚೆನ್ನಾಗಿದೆ: ಬಣ್ಣ ಕಾಣುವ ಒಬ್ಬರ ವಿವರವನ್ನು ಬಣ್ಣ ಕಾಣುವ ಇನ್ನೊಬ್ಬರಿಗೆ ತೋರಿಸಿದರೆ, ಎರಡನೆಯವರು ಬೆಚ್ಚಿಬಿದ್ದು, ಇದೆಂಥ ಅಪಚಾರ ಎಂಬಂತೆ ಸಿಟ್ಟಿಗೇಳುತ್ತಾರಂತೆ. ನೂರು ವರ್ಷ ಮೊದಲೇ ನಮ್ಮ ಮನೆಯ ಜಗಳವನ್ನು ಕಂಡವನ ಹಾಗೆ ಬರೆದಿದ್ದಾನೆ.

ಆಮೇಲೆ ಬಹುಕಾಲ ವಿಜ್ಞಾನಿಗಳು ಈ ಕಡೆ ಅಷ್ಟಾಗಿ ತಲೆ ಹಾಕಲಿಲ್ಲ. ಒಬ್ಬರ ತಲೆಯೊಳಗಿನ ಬಣ್ಣವನ್ನು ಅಳೆಯುವುದು ಹೇಗೆ? ಬಾಯಿಮಾತನ್ನು ನಂಬಬೇಕೇ? ದಾರಿ ತೋರಿಸಿದ ಪ್ರಯೋಗ ತುಂಬ ಸರಳವಾದದ್ದು. 1993ರಲ್ಲಿ ಸೈಮನ್ ಬ್ಯಾರನ್-ಕೊಹೆನ್ ಮತ್ತು ಸಂಗಡಿಗರು, ಪದಗಳಿಗೆ ಬಣ್ಣ ಕಾಣುವೆವು ಎನ್ನುವವರಿಂದ ಬಣ್ಣಗಳನ್ನು ಬರೆಸಿಕೊಂಡು, ಒಂದು ವರ್ಷ ಬಿಟ್ಟು ಮುನ್ಸೂಚನೆಯಿಲ್ಲದೆ ಮತ್ತೆ ಕೇಳಿದರು. ಶೇಕಡಾ 90ಕ್ಕಿಂತ ಹೆಚ್ಚು ಉತ್ತರಗಳು ಹಾಗೆಯೇ ಇದ್ದವು. ಸಾಮಾನ್ಯರಿಗೆ ಪದಗಳಿಗೆ ಬಣ್ಣ ಕಲ್ಪಿಸಿಕೊಳ್ಳಲು ಹೇಳಿ, ಒಂದೇ ವಾರದಲ್ಲಿ ಕೇಳಿದರೂ ಶೇಕಡಾ 40 ಸಹ ಹೊಂದಲಿಲ್ಲ. ಸುಳ್ಳು ಹೇಳುವವನಿಗೆ ನೆನಪಿನ ಶಕ್ತಿ ಬೇಕು ಎನ್ನುತ್ತಾರಲ್ಲ, ಆ ಮಾತನ್ನೇ ತಿರುಗಿಸಿ ಅಳತೆಗೋಲು ಮಾಡಿಕೊಂಡಂತೆ.

ನಾನೂ ಮಾಡಿ ನೋಡಿದೆ. ವರ್ಣಮಾಲೆಯ 49 ಅಕ್ಷರಗಳನ್ನೂ ಒಂದು ಹಾಳೆಯಲ್ಲಿ ಬರೆದು, ಎದುರಿಗೆ ಬಣ್ಣಗಳನ್ನು ನಮೂದಿಸಿ, ಲಕೋಟೆಗೆ ಹಾಕಿ ಅಂಟಿಸಿ, ಬೀರುವಿನ ಬಟ್ಟೆಗಳ ಅಡಿಗೆ ಸೇರಿಸಿದೆ. ಹದಿನಾಲ್ಕು ತಿಂಗಳ ಮೇಲೆ ಹೊಸ ಹಾಳೆಯಲ್ಲಿ ಮತ್ತೆ ಬರೆದು, ಲಕೋಟೆ ಒಡೆದೆ. 41 ಅಕ್ಷರಗಳು ಕೂದಲೆಳೆಯಷ್ಟೂ ಕದಲಿರಲಿಲ್ಲ. ಹೊಂದಿದವುಗಳಿಗಿಂತ ಹೊಂದದವು ನನಗೆ ಹೆಚ್ಚು ಕುತೂಹಲ ಹುಟ್ಟಿಸಿದವು. ಙ ಮತ್ತು ಞ ಎದುರಿಗೆ ಮೊದಲ ಸಲ ಏನೋ ಒತ್ತಾಯದಿಂದ ಬೂದು ಎಂದು ಬರೆದಿದ್ದೆ, ಎರಡನೆಯ ಸಲ ಖಾಲಿ ಬಿಟ್ಟಿದ್ದೆ. ಬಿಡಿಯಾಗಿ ಕೈಗೆ ಸಿಗದ ಅಕ್ಷರಗಳು ಅವು, ಬಣ್ಣ ಹತ್ತಲು ಅವಕಾಶವೇ ಸಿಕ್ಕಿಲ್ಲ. ಮಹಾಪ್ರಾಣಗಳೆಲ್ಲ ತಮ್ಮ ಅಲ್ಪಪ್ರಾಣದ ಬಣ್ಣಕ್ಕೆ ನೀರು ಬೆರೆಸಿದ ಹಾಗೆ: ಕ ಗಾಢ ಕಂದು, ಖ ಅದೇ ಕಂದು ತೆಳುವಾಗಿ. ಷ ತನಗೆಂದು ಬಣ್ಣವಿಲ್ಲದೆ ಪಕ್ಕದ ಶ ಹತ್ತಿರ ಸಾಲ ಪಡೆದಿದೆ. ನನ್ನ ಉಚ್ಚಾರಣೆಯಲ್ಲಿ ಶ, ಷ ಎರಡೂ ಒಂದೇ ಆಗಿಹೋಗಿರುವುದರ ಗುಟ್ಟು ಹೀಗೆ ಬಯಲಾಯಿತು.

ಎಲ್ಲ ಪರೀಕ್ಷೆಗಳಲ್ಲೂ ನಾನು ಪಾಸಾಗಲಿಲ್ಲ. ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ 2001ರಲ್ಲಿ ಬಳಸಿದ ಪ್ರಸಿದ್ಧ ಚಿತ್ರವೊಂದಿದೆ. ಪುಟದ ತುಂಬ 5 ಅಂಕಿಗಳು, ಅವುಗಳ ನಡುವೆ ಕೆಲವು 2 ಅಂಕಿಗಳು ತ್ರಿಕೋನಾಕಾರದಲ್ಲಿ ಅಡಗಿರುತ್ತವೆ. ಅಂಕಿಗಳಿಗೆ ಬಣ್ಣ ಕಾಣುವವರಿಗೆ ಆ ತ್ರಿಕೋನ ಬೇಗ ಎದ್ದು ಕಾಣುತ್ತದೆ ಎಂದು ಅವರ ವಾದ. ನನಗೆ ಕಾಣಲಿಲ್ಲ. ಒಂದೊಂದೇ 2 ಹುಡುಕಿ, ಸಿಕ್ಕಿದ ಮೇಲೆ ಅದು ಹಳದಿ ಎಂದು ಗೊತ್ತಾಯಿತು. ನಂತರ ಬಂದ ಪ್ರಯೋಗಗಳಲ್ಲೂ ಈ ಅನುಕೂಲ ಮೊದಲು ಅಂದುಕೊಂಡಷ್ಟು ದೊಡ್ಡದಲ್ಲವೆಂದು ಕಂಡಿದೆ, ಆದ್ದರಿಂದ ನನ್ನ ಮಾನ ಉಳಿಯಿತು. ಮಿದುಳಿನಲ್ಲಿ ಅಕ್ಷರ ಗುರುತಿಸುವ ಭಾಗವೂ ಬಣ್ಣ ಗುರುತಿಸುವ ಭಾಗವೂ ನೆರೆಹೊರೆ, ಅವುಗಳ ನಡುವಿನ ತಂತಿಗಳು ನಮ್ಮಂಥವರಲ್ಲಿ ಹೆಚ್ಚಾಗಿ ಉಳಿದುಕೊಂಡಿರಬೇಕು ಎಂದು ಅವರಿಬ್ಬರು ಊಹಿಸಿದರು. ತಂತಿಗಳು ಎಲ್ಲರಲ್ಲೂ ಇವೆ, ನಮ್ಮಲ್ಲಿ ತಡೆ ಸಡಿಲವಾಗಿದೆ ಎನ್ನುವವರು ಇನ್ನು ಕೆಲವರು. ನನಗಂತೂ ಎರಡನೆಯದೇ ಹೆಚ್ಚು ಇಷ್ಟ. ಕಾರಣ ಕೇಳಬೇಡಿ.

ಇದೊಂದು ದೈವದತ್ತ ಪ್ರತಿಭೆ ಎಂಬಂತೆ ಬರೆಯುವವರನ್ನು ಕಂಡರೆ ಮಾತ್ರ ನನಗೆ ಕಿರಿಕಿರಿ. 2006ರಲ್ಲಿ ಜೂಲಿಯಾ ಸಿಮ್ನರ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಸುಮಾರು ಶೇಕಡಾ 4ರಷ್ಟು ಜನರಿಗೆ ಯಾವುದಾದರೊಂದು ಬಗೆಯ ಸಿನೆಸ್ತೇಶಿಯಾ ಇರುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ವಾರದ ದಿನಗಳಿಗೆ ಬಣ್ಣ. ಎಂದರೆ ನನ್ನದು ಪ್ರತಿಭೆಗಳಲ್ಲೇ ಅತಿ ಅಗ್ಗದ ಪ್ರತಿಭೆ. ರಷ್ಯಾದ ಸಂಗೀತಗಾರ ಸ್ಕ್ರ್ಯಾಬಿನ್ 1910ರಲ್ಲಿ ಮುಗಿಸಿದ ಕೃತಿಯೊಂದರಲ್ಲಿ ಬಣ್ಣದ ಬೆಳಕಿಗೂ ಒಂದು ಪ್ರತ್ಯೇಕ ಪಾತ್ರ ಬರೆದಿದ್ದಾನೆ. ಮರುವರ್ಷ ಮಾಸ್ಕೋದಲ್ಲಿ ಅದು ಬೆಳಕಿಲ್ಲದೆಯೇ ನುಡಿಯಿತು, ಬಣ್ಣ ಚೆಲ್ಲಿದ್ದು 1915ರಲ್ಲಿ ನ್ಯೂಯಾರ್ಕಿನಲ್ಲಿ. ಸಿನೆಸ್ತೇಶಿಯಾ ಎಂದ ಕೂಡಲೇ ಅವನ ಹೆಸರು ಹೇಳುವುದು ರೂಢಿ. ಆದರೆ ಅವನ ಬಣ್ಣಗಳು ಕಾಮನಬಿಲ್ಲಿನ ಕ್ರಮದಲ್ಲಿ ಸ್ವರಗಳ ವರ್ತುಲವನ್ನು ಎಷ್ಟು ಅಚ್ಚುಕಟ್ಟಾಗಿ ಸುತ್ತುತ್ತವೆಂದರೆ, ಅವನಿಗೆ ನಿಜಕ್ಕೂ ಕಾಣುತ್ತಿತ್ತೇ ಅಥವಾ ಯೋಚಿಸಿ ಜೋಡಿಸಿದನೇ ಎಂಬ ಅನುಮಾನ ಬಹಳ ಜನರಿಗಿದೆ. ನನಗೂ ಇದೆ. ನನ್ನ ಅಕ್ಷರಗಳಲ್ಲಿ ಕ ಕಂದು, ಅದರ ಮೂರನೆಯ ಮನೆಯ ಗ ಕಿತ್ತಳೆ, ಚ ಒದ್ದೆ ಸಿಮೆಂಟು, ಪ ನೇರಳೆ. ಬುದ್ಧಿ ಇದ್ದವರು ಯಾರೂ ಹೀಗೆ ಜೋಡಿಸುವುದಿಲ್ಲ.

ನಿಜವಾಗಿ ಅತಿಯಾಗಿ ಇದ್ದವನ ಕಥೆ ಬೇಕಾದರೆ ಶೆರೆಶೆವ್‌ಸ್ಕಿಯನ್ನು ನೋಡಬೇಕು. ಮನೋವಿಜ್ಞಾನಿ ಲೂರಿಯಾ ಅವನನ್ನು ದಶಕಗಳ ಕಾಲ ಗಮನಿಸಿದ. ಕೇಳಿದ ಪ್ರತಿ ಶಬ್ದವೂ ಬಣ್ಣ, ರುಚಿ, ಸ್ಪರ್ಶ ಎಲ್ಲವನ್ನೂ ಹೊತ್ತು ತರುತ್ತಿದ್ದರಿಂದ ಅವನಿಗೆ ಏನನ್ನೂ ಮರೆಯಲು ಆಗುತ್ತಿರಲಿಲ್ಲ. ಒಮ್ಮೆ ಎದುರಿಗಿದ್ದ ವಿದ್ವಾಂಸನಿಗೆ, ನಿಮ್ಮ ದನಿ ಎಷ್ಟು ಹಳದಿ, ಎಷ್ಟು ಪುಡಿಪುಡಿ ಎಂದನಂತೆ. ಕೇಳಲು ಸೊಗಸು. ಆದರೆ ಪ್ರತಿ ಪದವೂ ತನ್ನದೇ ಚಿತ್ರ ಎಬ್ಬಿಸಿ ಒಂದಕ್ಕೊಂದು ಅಡ್ಡ ಬರುತ್ತಿದ್ದುದರಿಂದ, ನಾವು ಒಂದೇ ಉಸಿರಿಗೆ ಓದಿ ಮುಗಿಸುವ ಪುಟದ ಅರ್ಥ ಹಿಡಿಯಲು ಅವನು ಹೆಣಗಾಡುತ್ತಿದ್ದ.

ಘಮಘಮ ಎಂದವರು ಯಾರು?

ಇದನ್ನೆಲ್ಲ ಯಾರ ಬಳಿಯಾದರೂ ಹೇಳಿಕೊಂಡರೆ ಎರಡು ಬಗೆಯ ಉತ್ತರ ಬರುತ್ತದೆ. ಮೊದಲನೆಯದು, "ನನ್ನ ಹೆಸರು ಯಾವ ಬಣ್ಣ?" ಇದಕ್ಕೆ ಉತ್ತರ ಹೇಳಿ ಸ್ನೇಹ ಕೆಡಿಸಿಕೊಂಡದ್ದುಂಟು, ತಮ್ಮ ಹೆಸರು ಒದ್ದೆ ಸಿಮೆಂಟಿನ ಬಣ್ಣ ಎಂದರೆ ಯಾರಿಗೆ ಹಿತ? ಎರಡನೆಯದು, "ಅಯ್ಯೋ, ಅದು ಎಲ್ಲರಿಗೂ ಇರುತ್ತದೆ. ಸಿಹಿ ಸುದ್ದಿ, ಕಹಿ ನೆನಪು, ಖಾರವಾದ ಮಾತು ಎನ್ನುವುದಿಲ್ಲವೇ?" ಈ ಎರಡನೆಯ ಉತ್ತರದ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ಸಿಹಿ ಸುದ್ದಿ ಕೇಳಿ ಯಾರ ಬಾಯಲ್ಲೂ ನೀರೂರುವುದಿಲ್ಲ. ಅದು ಮಾತಿನ ಚಮತ್ಕಾರ. ನನ್ನದು ಚಮತ್ಕಾರವಲ್ಲ, ನನ್ನದರಲ್ಲಿ ಅರ್ಥವೂ ಇಲ್ಲ.

ಈಚೆಗೆ ಆ ಸಿಟ್ಟು ಸ್ವಲ್ಪ ಇಳಿದಿದೆ. ಇಳಿಸಿದ್ದು ಕನ್ನಡವೇ. ವರ್ಣ ಎಂದರೆ ಬಣ್ಣವೂ ಹೌದು, ಅಕ್ಷರವೂ ಹೌದು. ವರ್ಣಮಾಲೆ ಎಂಬ ಪದವನ್ನು ಮೊದಲ ಸಲ ಕೇಳಿದಾಗ ನನಗೆ ಯಾವ ಆಶ್ಚರ್ಯವೂ ಆಗಿರಲಿಲ್ಲ, ಬಣ್ಣಗಳ ಮಾಲೆ, ಸರಿಯಾಗಿಯೇ ಹೆಸರಿಟ್ಟಿದ್ದಾರೆ ಎಂದುಕೊಂಡಿದ್ದೆ. ಮಾತಿನಲ್ಲಿ ಕಟ್ಟಿಕೊಡುವುದಕ್ಕೆ ಬಣ್ಣಿಸುವುದು ಎನ್ನುತ್ತೇವೆ. ಹಾಡುವ ರಾಗ ಹುಟ್ಟಿದ್ದು ಬಣ್ಣ ಕಟ್ಟು ಎಂಬ ಅರ್ಥದ ಧಾತುವಿನಿಂದ. ಇನ್ನು ನೋಡು ಎಂಬ ಕ್ರಿಯಾಪದವನ್ನು ನಾವು ಹಚ್ಚದ ಕಡೆಯಿಲ್ಲ. ಮೂಸಿ ನೋಡು, ಮುಟ್ಟಿ ನೋಡು, ರುಚಿ ನೋಡು, ಕೇಳಿ ನೋಡು. ಕಣ್ಣು ಮುಚ್ಚಿ ನೋಡು ಎಂದೂ ಹೇಳುತ್ತೇವೆ, ಯಾರೂ ನಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಎನ್ನು ಎಂಬ ಪುಟ್ಟ ಕ್ರಿಯಾಪದ. ಬಾಗಿಲು ಧಡಾರೆಂದಿತು, ಸರಿ, ಅಲ್ಲಿ ಶಬ್ದವಿದೆ. ಹೂವು ಘಮಘಮ ಎನ್ನುತ್ತದೆ. ಯಾವ ಹೂವು, ಯಾವಾಗ ಬಾಯಿ ತೆರೆದು ಅಂದಿತು? ಥಳಥಳ ಎನ್ನುವ ಪಾತ್ರೆ ಸದ್ದೇ ಮಾಡುವುದಿಲ್ಲ. ಗಾಯ ಚುರುಚುರು ಎನ್ನುತ್ತದೆ, ಮೈ ಜುಮ್ಮೆನ್ನುತ್ತದೆ, ಕತ್ತಲೆ ಗವ್ವೆನ್ನುತ್ತದೆ, ಖಾಲಿ ಮನೆ ಬಿಕೋ ಎನ್ನುತ್ತದೆ. ಬಿಸಿಲಿಗೆ ರಣರಣ ಎಂದು ಹೆಸರಿಟ್ಟವರ ಕಿವಿಗೆ ಏನು ಕೇಳಿಸಿರಬಹುದು? ವ್ಯಾಕರಣದಲ್ಲಿ ಇವುಗಳನ್ನು ಅನುಕರಣಾವ್ಯಯ ಎಂದು ಓದಿದ್ದೇವೆ. ಧಡಧಡ, ಪಟಪಟ ಅನುಕರಣೆ ಎಂದರೆ ಒಪ್ಪಬಹುದು. ಮಿಣಮಿಣ ಯಾವ ಶಬ್ದದ ಅನುಕರಣೆ? ಬೆಳಕನ್ನು ನಾಲಿಗೆ ಅನುಕರಿಸುವುದಾದರೂ ಹೇಗೆ? ಆದರೂ ಒಮ್ಮೆ ಅದಲುಬದಲು ಮಾಡಿ ನೋಡಿ: ಮಿಂಚುಹುಳು ಧಗಧಗ ಎಂದಿತು, ಕಾಳ್ಗಿಚ್ಚು ಮಿಣಮಿಣ ಎಂದಿತು. ಮೂರು ವರ್ಷದ ಮಗುವೂ ತಪ್ಪು ಹಿಡಿಯುತ್ತದೆ. ಯಾಕೆ ತಪ್ಪು ಎಂದು ಕೇಳಿದರೆ, ಅಪ್ಪನ ಮುಂದೆ ನಿಂತ ನನ್ನ ಹಾಗೆ ಬಾಯಿ ಕಟ್ಟುತ್ತದೆ.

ಇದಕ್ಕೆ ಹತ್ತಿರದ ಪ್ರಯೋಗವನ್ನು ವುಲ್ಫ್‌ಗಾಂಗ್ ಕೋಹ್ಲರ್ 1929ರಲ್ಲೇ ಸೂಚಿಸಿದ್ದ. ಒಂದು ದುಂಡು ದುಂಡಾದ ಆಕೃತಿ, ಒಂದು ಮೊನಚು ಮೊನಚಾದದ್ದು, ಎರಡು ಅರ್ಥವಿಲ್ಲದ ಪದಗಳು. ಯಾವುದಕ್ಕೆ ಯಾವ ಹೆಸರು? ರಾಮಚಂದ್ರನ್ ಮತ್ತು ಹಬ್ಬರ್ಡ್ ಆ ಪದಗಳನ್ನು ಬೂಬಾ, ಕಿಕಿ ಎಂದು ಬದಲಿಸಿದರು. ದುಂಡಗಿನದು ಬೂಬಾ, ಚೂಪಾದದ್ದು ಕಿಕಿ ಎಂದು ಬಹುತೇಕ ಎಲ್ಲರೂ ಹೇಳಿದರು. 2022ರಲ್ಲಿ 25 ಭಾಷೆಗಳನ್ನಾಡುವವರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಒಟ್ಟಾರೆ ಶೇಕಡಾ 72ರಷ್ಟು ಉತ್ತರಗಳು ಹೀಗೆ ಹೊಂದಿದವು. ಗುಂಡು, ದುಂಡು, ಉಬ್ಬು ಎನ್ನುವಾಗ ತುಟಿ ದುಂಡಗಾಗುತ್ತದೆ. ಕಿಡಿ, ಇರಿ ಎನ್ನುವಾಗ ತುಟಿ ಬಿಗಿದು ಹಿಂದೆ ಸರಿಯುತ್ತದೆ. ಆಕಾರ ಕಣ್ಣಿನದು, ಸದ್ದು ಕಿವಿಯದು, ಬಾಯಿ ನಡುವೆ ನಿಂತು ಇಬ್ಬರಿಗೂ ಒಪ್ಪಂದ ಮಾಡಿಸುತ್ತದೆ. (ಚೂಪು ಎನ್ನುವಾಗ ತುಟಿ ದುಂಡಗಾಗುತ್ತದಲ್ಲ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಹೌದು, ಆಗುತ್ತದೆ. ಚೂಪು ನನ್ನ ವಾದದ ಕಾಲಿಗೆ ಚುಚ್ಚಿದ ಮುಳ್ಳು.)

ಇಂದ್ರಿಯಗಳು ಬೇರೆ ಬೇರೆ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡು ಕುಳಿತಿವೆ ಎಂಬ ನಂಬಿಕೆಯೇ ಸಡಿಲವಾದದ್ದು. 1976ರಲ್ಲಿ ಮೆಗರ್ಕ್ ಮತ್ತು ಮೆಕ್‌ಡೊನಾಲ್ಡ್ ತೋರಿಸಿದ್ದನ್ನು ಯಾರು ಬೇಕಾದರೂ ಅನುಭವಿಸಬಹುದು. ಧ್ವನಿಯಲ್ಲಿ ಬ, ತುಟಿಗಳ ಚಲನೆಯಲ್ಲಿ ಗ ಇರುವ ದೃಶ್ಯ ನೋಡಿದರೆ ಹೆಚ್ಚಿನವರಿಗೆ ಕೇಳಿಸುವುದು ಡ. ಕಿವಿಗೆ ಬಾರದ, ಕಣ್ಣಿಗೂ ಬಾರದ ಮೂರನೆಯ ಅಕ್ಷರ. ಕಣ್ಣು ಮುಚ್ಚಿದರೆ ಬ, ತೆರೆದರೆ ಡ. ಗುಟ್ಟು ಗೊತ್ತಿದ್ದರೂ ತಪ್ಪಿಸಿಕೊಳ್ಳಲಾಗುವುದಿಲ್ಲ. ಬೇಡವೆಂದರೂ ನಿಲ್ಲದ ನನ್ನ ಹಸಿರಿನ ಸ್ವಭಾವವೇ ಇದಕ್ಕೂ ಇದೆ. ಒಂದೇ ವ್ಯತ್ಯಾಸ, ನಿಮ್ಮ ಡ ನಿಮ್ಮ ಪಕ್ಕದವರಿಗೂ ಕೇಳಿಸುತ್ತದೆ. ಥಳಥಳಕ್ಕೆ ಭಾಷೆಯಾಡುವವರೆಲ್ಲ ಸಾಕ್ಷಿ. ನನ್ನ ಮಂಗಳವಾರಕ್ಕೆ ಯಾರೂ ಇಲ್ಲ. ಅಕ್ಕನೊಬ್ಬಳಿದ್ದಳು, ಅವಳೂ ಎದುರು ಪಕ್ಷದ ಸಾಕ್ಷಿ.

ಫ್ರಿಜ್ಜಿನ ಮೇಲಿನ ಅಕ್ಷರಗಳು

ಹಾಗಾದರೆ ಈ ಹಸಿರು ಎಲ್ಲಿಂದ ಬಂತು? ಹುಟ್ಟುವಾಗಲೇ ಮಂಗಳವಾರವನ್ನು ಹೊತ್ತು ಬಂದಿರಲು ಸಾಧ್ಯವಿಲ್ಲ, ವಾರ, ಅಕ್ಷರ ಎಲ್ಲ ಕಲಿತದ್ದು. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಬಗ್ಗೆ ನನ್ನ ನಿದ್ದೆ ಕೆಡಿಸಿತು. ವಿಟ್‌ಹಾಫ್ಟ್, ವಿನವರ್ ಮತ್ತು ಈಗಲ್‌ಮನ್ ಎಂಬ ಸಂಶೋಧಕರು ಇಂಗ್ಲಿಷ್ ಅಕ್ಷರಗಳಿಗೆ ಬಣ್ಣ ಕಾಣುವ 6,588 ಜನರ ಪಟ್ಟಿಗಳನ್ನು ಪರಿಶೀಲಿಸಿದರು. ಅವರಲ್ಲಿ ಶೇಕಡಾ 6ರಷ್ಟು ಜನರ ಬಣ್ಣಗಳು, 1970ರ ದಶಕದಿಂದ ಅಮೆರಿಕದ ಮಾರುಕಟ್ಟೆಯಲ್ಲಿದ್ದ ಒಂದು ಆಟಿಕೆಯ ಬಣ್ಣಗಳಿಗೆ ಹೊಂದುತ್ತಿದ್ದವು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಅಕ್ಷರಗಳು. ಆ ದಶಕದ ಕೊನೆಯ ವರ್ಷಗಳಲ್ಲಿ ಹುಟ್ಟಿದವರಲ್ಲಿ ಈ ಪ್ರಮಾಣ ಶೇಕಡಾ 15ರಷ್ಟಿತ್ತು. ಆಟಿಕೆ ಮಾರುಕಟ್ಟೆಗೆ ಬರುವ ಎಷ್ಟೋ ಮೊದಲೇ ಹುಟ್ಟಿದವರಲ್ಲಿ ಹೆಚ್ಚುಕಡಿಮೆ ಯಾರೂ ಇಲ್ಲ. ಅದೇ ಅಕ್ಷರಗಳೊಂದಿಗೆ ಆಡಿದ ಲೆಕ್ಕವಿಲ್ಲದಷ್ಟು ಮಕ್ಕಳಿಗೆ ಏನೂ ಆಗಲಿಲ್ಲ. ಕೆಲವರಿಗೆ ಮಾತ್ರ ಆ ಬಣ್ಣ ಜನ್ಮಕ್ಕೆ ಅಂಟಿಕೊಂಡಿತು. ಬಣ್ಣ ಹಿಡಿಯುವ ಗುಣ ಒಳಗಿನದು, ಹತ್ತುವ ಬಣ್ಣ ಮಾತ್ರ ಎದುರಿಗೆ ಸಿಕ್ಕಿದ್ದು ಎಂದು ನಾನು ಅರ್ಥ ಮಾಡಿಕೊಂಡೆ.

ನಮ್ಮ ಮನೆಯಲ್ಲಿ ಅಂಥ ಆಟಿಕೆ ಇರಲಿಲ್ಲ. ನಾನು ಕಲಿತ ಅಕ್ಷರಮಾಲೆ ಕಪ್ಪು ಬಿಳುಪಿನದು. ಹಳೆಯ ಕ್ಯಾಲೆಂಡರೋ, ಯಾರದೋ ಸೀರೆಯೋ, ಪಾಟಿಚೀಲವೋ, ಏನಿರಬಹುದೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಹಲ್ಲಿನ ಪ್ರಕರಣ ನಡೆದ ಸಂಜೆ ಅಕ್ಕನಿಗೆ ಫೋನು ಮಾಡಿ, ಪೀಠಿಕೆಯಿಲ್ಲದೆ ಕೇಳಿದೆ.

"ನಿನಗೆ ಮಂಗಳವಾರ ಯಾವ ಬಣ್ಣ?"

"ಕೆಂಪು" ಎಂದಳು. ರೆಪ್ಪೆ ಬಡಿಯುವಷ್ಟೂ ತಡವಾಗಲಿಲ್ಲ.

ನಲವತ್ತು ವರ್ಷ! ಹದಿನಾಲ್ಕು ತಿಂಗಳ ನನ್ನ ಲಕೋಟೆ ಇದರ ಮುಂದೆ ಯಾವ ಲೆಕ್ಕ? ನನಗೆ ಹಿಗ್ಗು ತಡೆಯಲಾಗಲಿಲ್ಲ. "ಈಗಲೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆಯೇ?" ಎಂದೆ.

"ಏನು ಕಾಣುವುದು?"

"ಬಣ್ಣ."

ಆ ಕಡೆಯಿಂದ ನಗು ಕೇಳಿಸಿತು. "ನನಗೆ ಯಾವತ್ತು ಕಂಡಿತ್ತು? ಡಬ್ಬಿಯಲ್ಲಿ ಕೈಗೆ ಸಿಕ್ಕಿದ್ದು ಕೆಂಪು. ನೀನು ಕಿತ್ತುಕೊಂಡೆ, ಅದಕ್ಕೆ ನಾನೂ ಬಿಡಲಿಲ್ಲ."

"ಮತ್ತೆ ಮಂಗಳ ಗ್ರಹ?"

"ಅಪ್ಪ ಕಾರಣ ಕೇಳಿದರಲ್ಲ, ಏನಾದರೂ ಹೇಳಬೇಕಿತ್ತು."

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮನೆತನದಲ್ಲಿ ಹರಿದು ಬರುತ್ತದೆ ಎಂದು ಗಾಲ್ಟನ್ ಬರೆದದ್ದನ್ನು ಓದಿ ತಲೆಯಾಡಿಸಿದ್ದೆ. ಎಷ್ಟೋ ಜನರಿಗೆ, ನಮ್ಮ ಅಕ್ಕನಿಗೂ ಇದೆ, ಆದರೆ ಅವಳ ಬಣ್ಣಗಳು ಬೇರೆ ಎಂದು ಹೇಳಿಕೊಂಡು ಓಡಾಡಿದ್ದೆ. ಇಷ್ಟು ವರ್ಷ ಈ ವಾರದಲ್ಲಿ ಇಬ್ಬರಿದ್ದೇವೆ ಎಂದುಕೊಂಡಿದ್ದೆ.

ಆದರೂ ಅವಳ ಆ ಥಟ್ಟನೆಯ ಉತ್ತರ ನನ್ನನ್ನು ಬಿಡಲಿಲ್ಲ. ಸುಳ್ಳೇ ಆಗಿದ್ದರೆ ಯೋಚಿಸಬೇಕಿತ್ತು. "ಮಂಗಳವಾರ ಎಂದಾಗ ಈಗ ನಿನಗೆ ಕೆಂಪು ತಾನಾಗಿ ಬರುತ್ತದೋ ಇಲ್ಲವೋ, ಅದನ್ನು ಹೇಳು" ಎಂದೆ.

"ಬರುತ್ತದೆ. ಆದರೆ ಅದರ ಜೊತೆಗೆ ನೀನೂ ಅಳುತ್ತಾ ಬರುತ್ತೀಯ."

ಇದನ್ನು ಯಾವ ಲೆಕ್ಕಕ್ಕೆ ಹಾಕುವುದು? ಬ್ಯಾರನ್-ಕೊಹೆನ್ ಪರೀಕ್ಷೆಯಲ್ಲಿ ಈ ಒಂದು ಪ್ರಶ್ನೆಗೆ ಅವಳು ನನಗಿಂತ ಚೆನ್ನಾಗಿ ಪಾಸಾಗುತ್ತಾಳೆ. ನನ್ನ ಹಸಿರಿನ ಜೊತೆ ಯಾರೂ ಬರುವುದಿಲ್ಲ, ಯಾವ ಕಥೆಯೂ ಇಲ್ಲ, ಅದು ಬರಿಯ ಹಸಿರು. ಅವಳ ಕೆಂಪಿನ ಜೊತೆ ಒಂದು ಕೋಣೆ, ಒಂದು ಡಬ್ಬಿ, ಬಾಗಿಲಲ್ಲಿ ನಿಂತ ಅಪ್ಪ ಎಲ್ಲರೂ ಬರುತ್ತಾರೆ. ಪುಸ್ತಕದ ಪ್ರಕಾರ ಅವಳದು ನೆನಪು, ನನ್ನದು ಸಿನೆಸ್ತೇಶಿಯಾ. ನನ್ನ ಹಸಿರಿನ ಹಿಂದೆಯೂ ಇಂಥದೇ ಒಂದು ಕೋಣೆಯಿದ್ದು, ಕೋಣೆ ಅಳಿಸಿಹೋಗಿ ಬಣ್ಣವೊಂದೇ ಉಳಿದಿರಬಹುದೇ?

ಬೇರೆ ದಿನಗಳನ್ನೂ ಕೇಳಿ ನೋಡೋಣ ಎನಿಸಿತು. ಸೋಮವಾರ? ನೀಲಿ ಬಳಿದದ್ದು ಅವಳಿಗೆ ನೆನಪೇ ಇರಲಿಲ್ಲ. ಬುಧವಾರ? ಏನೂ ಇಲ್ಲ. ಸ್ವಲ್ಪ ಒತ್ತಾಯ ಮಾಡಿದೆ. "ಶುಕ್ರವಾರವಾದರೂ ಹೇಳು, ಮನಸ್ಸಿಗೆ ಮೊದಲು ಏನು ಬರುತ್ತದೋ ಅದನ್ನು."

"ಶುಕ್ರವಾರಕ್ಕೆ ಏನು ಬರುತ್ತದೆ" ಎಂದಳು, "ಅದಕ್ಕೆ ನಾವು ಜಗಳವೇ ಆಡಿಲ್ಲವಲ್ಲ."